ಒಡೆಯರಿಲ್ಲದ ಯಂತ್ರ, ಹೆಸರಿಲ್ಲದ ಅಕೌಂಟು: ನಮ್ಮ ಸಂಸ್ಥೆಯ ಸೈಬರ್ ಭದ್ರತೆ ಬಿಗಿ ಮಾಡಿದ ಕೆಲಸದ ದಾಖಲೆ

ನಮ್ಮ ಸಂಸ್ಥೆ ತುಂಬಾ ದೊಡ್ಡದಲ್ಲ, ತೀರಾ ಚಿಕ್ಕದೂ ಅಲ್ಲ. ಒಂದು ಆಕ್ಟಿವ್ ಡೈರೆಕ್ಟರಿ (ಎಲ್ಲರ ಅಕೌಂಟು, ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ವಿಂಡೋಸ್ ವ್ಯವಸ್ಥೆ), ಒಂದೆರಡು ಫೈಲ್ ಸರ್ವರ್, ಲೆಕ್ಕಪತ್ರದ ಸಾಫ್ಟ್‌ವೇರ್ ಓಡುವ ಡೇಟಾಬೇಸ್ ಸರ್ವರ್, ಕ್ಲೌಡ್‌ನಲ್ಲಿ ಇಮೇಲ್, ಹೊರಗಿನಿಂದ ಕೆಲಸ ಮಾಡುವವರಿಗೆ ವಿಪಿಎನ್. ಭದ್ರತೆ ಬಿಗಿ ಮಾಡಬೇಕು ಅಂತ ತೀರ್ಮಾನ ಆದಾಗ ಆಡಳಿತದವರು ಮೊದಲು ಕೇಳಿದ್ದು, "ಯಾವ ಪ್ರಾಡಕ್ಟ್ ತಗೋಬೇಕು?" ಸದ್ಯಕ್ಕೆ ಏನೂ ಬೇಡ, ಮೊದಲು ನಮ್ಮ ಹತ್ತಿರ ಏನೇನಿದೆ ಅಂತ ನೋಡೋಣ ಅಂದೆ. ಈ ಬರಹ ಆ ಕೆಲಸದ ದಾಖಲೆ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ನೆರವಾಗಲಿ ಅಂತ ವಿವರವಾಗಿಯೇ ಬರೆಯುತ್ತಿದ್ದೇನೆ.

ದಾರಿ ತೋರಿಸಲು ಸಿಐಎಸ್ ಕಂಟ್ರೋಲ್ಸ್ ಅನ್ನುವ ಭದ್ರತಾ ಕೆಲಸಗಳ ಪಟ್ಟಿ ಇಟ್ಟುಕೊಂಡೆವು. 2021ರಲ್ಲಿ ಬಂದ ಎಂಟನೇ ಆವೃತ್ತಿಯಲ್ಲಿ 18 ಕಂಟ್ರೋಲ್‌ಗಳಿವೆ. ಎಲ್ಲ ಸಂಸ್ಥೆಗಳೂ ಮಾಡಲೇಬೇಕಾದ ಕೆಲಸಗಳನ್ನು ಮೊದಲ ಗುಂಪಿನಲ್ಲಿ ಇಟ್ಟಿದ್ದಾರೆ, ಅವು 56. 18 ಕಂಟ್ರೋಲ್‌ಗಳಲ್ಲಿ ಮೊದಲನೆಯದು ಯಂತ್ರಗಳ ಪಟ್ಟಿ, ಎರಡನೆಯದು ಸಾಫ್ಟ್‌ವೇರ್ ಪಟ್ಟಿ. ಫೈರ್‌ವಾಲ್, ಆಂಟಿವೈರಸ್ ಎಲ್ಲ ಆಮೇಲೆ. ಈ ಕ್ರಮ ಯಾಕೆ ಅಂತ ಕೆಲಸಕ್ಕೆ ಇಳಿದ ಮೇಲೆ ಚೆನ್ನಾಗಿ ಗೊತ್ತಾಯಿತು.

ಪಟ್ಟಿ

ಸ್ಕ್ಯಾನ್ ಶುರು ಮಾಡುವ ಮೊದಲು ಆಡಳಿತದಿಂದ ಲಿಖಿತ ಅನುಮತಿ ತೆಗೆದುಕೊಂಡೆವು. ನಮ್ಮದೇ ನೆಟ್‌ವರ್ಕ್ ಆದರೂ ಇದು ಬೇಕು. ಯಾವ ಐಪಿ (ನೆಟ್‌ವರ್ಕ್ ವಿಳಾಸ) ವ್ಯಾಪ್ತಿ, ಯಾವ ಹೊತ್ತು, ಯಾರು ಮಾಡುತ್ತಾರೆ ಅನ್ನುವುದೆಲ್ಲ ಅದರಲ್ಲಿರಬೇಕು.

ಮೂರು ಕಡೆಯಿಂದ ಮಾಹಿತಿ ತೆಗೆದೆವು. ಒಂದು, ನೆಟ್‌ವರ್ಕ್‌ನಲ್ಲಿ ಯಾವ ಯಂತ್ರಗಳಿವೆ ಅಂತ ಹುಡುಕುವ ಎನ್‌ಮ್ಯಾಪ್ ಪ್ರೋಗ್ರಾಂನ ಸ್ಕ್ಯಾನ್. ಎರಡು, ಯಂತ್ರಗಳಿಗೆ ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಯಾರ್‍ಯಾರಿಗೆ ಐಪಿ ಕೊಟ್ಟಿದೆ ಅನ್ನುವ ಪಟ್ಟಿ. ಮೂರು, ಯಂತ್ರಗಳ ಕೇಬಲ್ ಬಂದು ಸೇರುವ ಸ್ವಿಚ್‌ಗಳ ಮ್ಯಾಕ್ ಟೇಬಲ್, ಅಂದರೆ ಯಾವ ಪೋರ್ಟಿಗೆ ಯಾವ ನೆಟ್‌ವರ್ಕ್ ಕಾರ್ಡ್ ಸೇರಿದೆ ಅನ್ನುವ ಪಟ್ಟಿ. ಮೂರನ್ನೂ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಪಕ್ಕಪಕ್ಕ ಇಟ್ಟಾಗ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲುಗಳು ಎದ್ದು ಕಾಣುತ್ತವೆ. ನಿಜವಾದ ಹುಡುಕಾಟ ಇರುವುದು ಆ ಸಾಲುಗಳಲ್ಲೇ.

ಸ್ಕ್ಯಾನ್ ಮಾಡುವವರಿಗೆ ಒಂದು ಮಾತು. ಪ್ರಿಂಟರ್‌ಗಳ 9100 ಪೋರ್ಟಿಗೆ (ಇಲ್ಲಿ ಪೋರ್ಟ್ ಅಂದರೆ ಸಾಫ್ಟ್‌ವೇರ್ ಬಾಗಿಲಿನ ನಂಬರ್) ಏನು ಕಳಿಸಿದರೂ ಅವು ಅದನ್ನು ಪ್ರಿಂಟ್ ಮಾಡಿಬಿಡುತ್ತವೆ. ಅದಕ್ಕೇ ಎನ್‌ಮ್ಯಾಪ್ ಸಾಫ್ಟ್‌ವೇರ್ ಆವೃತ್ತಿ ಪತ್ತೆ ಮಾಡುವಾಗ ಆ ಪೋರ್ಟನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಬೇರೆ ಸ್ಕ್ಯಾನರ್ ಬಳಸುವವರು ಇದನ್ನು ನೋಡಿಕೊಳ್ಳಿ. ಹಳೆಯ ಯಂತ್ರಗಳು, ನಿಯಂತ್ರಣ ಉಪಕರಣಗಳು ಇರುವ ಕಡೆ ಇನ್ನೂ ಹುಷಾರು ಬೇಕು. ಜೋರಾಗಿ ಸ್ಕ್ಯಾನ್ ಮಾಡಿದರೆ ಕೆಲವು ಅಲ್ಲೇ ಸ್ತಬ್ಧವಾಗುತ್ತವೆ.

ಒಂದು ಸಾಲು ಬಹಳ ಕಾಡಿತು. ಮ್ಯಾಕ್ ಟೇಬಲ್‌ನಲ್ಲಿ ಇತ್ತು, ಡಿಎಚ್‌ಸಿಪಿಯಲ್ಲಿ ಇರಲಿಲ್ಲ. ಅಂದರೆ ಯಾರೋ ಕೈಯಾರೆ ಐಪಿ ಹಾಕಿದ್ದಾರೆ. ಮ್ಯಾಕ್ ವಿಳಾಸದ ಮೊದಲ ಆರು ಅಕ್ಷರಗಳಿಂದ ನೆಟ್‌ವರ್ಕ್ ಕಾರ್ಡ್ ತಯಾರಿಸಿದ ಕಂಪನಿ ಗೊತ್ತಾಯಿತು, ಅಷ್ಟೇ. ಸ್ವಿಚ್‌ನ ಯಾವ ಪೋರ್ಟ್ ಅಂತ ನೋಡಿ, ಅಲ್ಲಿಂದ ಪ್ಯಾಚ್ ಪ್ಯಾನೆಲ್, ಅಲ್ಲಿಂದ ಗೋಡೆಯ ಸಾಕೆಟ್, ಹೀಗೆ ಕೇಬಲ್ ಹಿಡಿದು ಹೋದೆವು. ಸಿಕ್ಕಿದ್ದು ಸೂಚನಾ ಫಲಕದ ಟಿವಿ ಹಿಂದೆ ಅಂಟಿಸಿದ್ದ ಒಂದು ಪುಟ್ಟ ಕಂಪ್ಯೂಟರ್. ಅದರಲ್ಲಿ ವಿಂಡೋಸ್ 7 ಇತ್ತು. ಅದಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ಅದು ಪಾಸ್‌ವರ್ಡ್ ಕೇಳದೆ ತಾನಾಗಿ ಲಾಗಿನ್ ಆಗುತ್ತಿತ್ತು. ಲಾಗಿನ್ ಆಗುತ್ತಿದ್ದುದು ಫೈಲ್ ಸರ್ವರ್‌ನಲ್ಲಿ ಬರೆಯುವ ಹಕ್ಕಿರುವ ಅಕೌಂಟಿನಿಂದ. ಅದನ್ನು ಅಲ್ಲಿಟ್ಟವರು ಯಾವತ್ತೋ ಕೆಲಸ ಬಿಟ್ಟು ಹೋಗಿದ್ದರು. ಆಮೇಲೆ ಅದು ಯಾರದ್ದೂ ಆಗಿರಲಿಲ್ಲ.

ಆವತ್ತು ಸ್ಪ್ರೆಡ್‌ಶೀಟ್‌ಗೆ ಒಂದು ಕಾಲಂ ಸೇರಿಸಿದೆವು: "ಯಾರದು?" ವಿಭಾಗದ ಹೆಸರು ಅಲ್ಲಿ ನಡೆಯುವುದಿಲ್ಲ, ಒಬ್ಬ ವ್ಯಕ್ತಿಯ ಹೆಸರೇ ಬೇಕು. ಮುಂದೆ ಮಾಡಿದ ಪ್ರತಿಯೊಂದು ಕೆಲಸಕ್ಕೂ ಈ ಕಾಲಂ ಬಂತು. ಅಕೌಂಟ್, ಫೈರ್‌ವಾಲ್ ರೂಲ್, ಬ್ಯಾಕಪ್, ಡೊಮೇನ್ ಎಲ್ಲಕ್ಕೂ. ನಾವು ಕಂಡ ದೊಡ್ಡ ಬಿರುಕುಗಳೆಲ್ಲ ಆ ಕಾಲಂ ಖಾಲಿ ಇದ್ದ ಜಾಗದಲ್ಲೇ ಇದ್ದವು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಅಕೌಂಟುಗಳು

ಆಕ್ಟಿವ್ ಡೈರೆಕ್ಟರಿಯಿಂದ ಎಲ್ಲ ಅಕೌಂಟುಗಳ ಪಟ್ಟಿ ತೆಗೆದು, ಸಿಬ್ಬಂದಿ ವಿಭಾಗ ಕೊಟ್ಟ ಈಗಿನ ಉದ್ಯೋಗಿಗಳ ಪಟ್ಟಿಯ ಜೊತೆ ತಾಳೆ ನೋಡಿದೆವು. ಬಿಟ್ಟು ಹೋದವರ ಅಕೌಂಟು, "ಟೆಸ್ಟ್" ಅಂತ ಶುರುವಾಗುವ ಅಕೌಂಟು, ಹಿಂದೊಮ್ಮೆ ಕೆಲಸಕ್ಕೆ ಬಂದಿದ್ದ ಹೊರಗಿನ ಕಂಪನಿಯವರಿಗೆ ಕೊಟ್ಟಿದ್ದ ಅಕೌಂಟು, ಎಲ್ಲವೂ ಜೀವಂತ. ಇಂಥ ಒಂದೇ ಒಂದು ಅಕೌಂಟು ಸಾಕು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಇಂಧನ ಸಾಗಣೆಯನ್ನೇ ನಿಲ್ಲಿಸಬೇಕಾಯಿತಲ್ಲ, ದಾಳಿಕೋರರು ಒಳಗೆ ಬಂದದ್ದು ಬಳಕೆಯಲ್ಲಿ ಇಲ್ಲದ ಒಂದು ಹಳೆಯ ವಿಪಿಎನ್ ಅಕೌಂಟಿನಿಂದ. ಅದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ.

ಯಾರು ಕೊನೆಯ ಸಲ ಯಾವಾಗ ಲಾಗಿನ್ ಆದರು ಅಂತ ನೋಡುವಾಗ ಒಂದು ಸೂಕ್ಷ್ಮ ಇದೆ. ಡೊಮೇನ್ ಕಂಟ್ರೋಲರ್‌ಗಳ (ಆಕ್ಟಿವ್ ಡೈರೆಕ್ಟರಿ ಇಟ್ಟುಕೊಂಡು ಲಾಗಿನ್ ಪರೀಕ್ಷಿಸುವ ಸರ್ವರ್‌ಗಳ) ನಡುವೆ ಹಂಚಿಕೆಯಾಗುವ ಕೊನೆಯ ಲಾಗಿನ್ ದಿನಾಂಕ ಪ್ರತಿ ಸಲ ಬದಲಾಗುವುದಿಲ್ಲ. ಮೂಲ ಸೆಟ್ಟಿಂಗ್‌ನಲ್ಲಿ ಅದು 14 ದಿನದವರೆಗೂ ಹಿಂದೆ ಇರಬಹುದು. ಹಾಗಾಗಿ "ಹತ್ತು ದಿನದಿಂದ ಬಳಸಿಲ್ಲ" ಅನ್ನುವ ತೀರ್ಮಾನಕ್ಕೆ ಅದು ಸಾಲದು. ತಿಂಗಳುಗಟ್ಟಲೆ ಬಳಸದ ಅಕೌಂಟು ಹುಡುಕಲು ಧಾರಾಳ ಸಾಕು.

ಯಾವುದನ್ನೂ ನೇರವಾಗಿ ಡಿಲೀಟ್ ಮಾಡಲಿಲ್ಲ. ಮೊದಲು ನಿಷ್ಕ್ರಿಯ ಮಾಡಿ, ಒಂದು ಪ್ರತ್ಯೇಕ ಫೋಲ್ಡರಿಗೆ ಹಾಕಿ, ಕಾದೆವು. ತಿಂಗಳ ಕೊನೆಗೆ ಓಡುವ ಯಾವುದೋ ಕೆಲಸ ನಿಂತರೆ, ಅದು ಯಾವ ಅಕೌಂಟಿನ ಮೇಲೆ ನಿಂತಿತ್ತು ಅಂತ ಆಗ ಗೊತ್ತಾಗುತ್ತದೆ. ಕನಿಷ್ಠ ಒಂದು ತಿಂಗಳ ಸುತ್ತು ಕಾಯುವುದು ಒಳ್ಳೆಯದು.

ಅಡ್ಮಿನ್ ಹಕ್ಕಿನ ಕೆಲಸ ಇದಕ್ಕಿಂತ ಕಷ್ಟ. ಎಲ್ಲ ಯಂತ್ರಗಳ ಮೇಲೂ ಪೂರ್ತಿ ಹಕ್ಕಿರುವ ಡೊಮೇನ್ ಅಡ್ಮಿನ್ ಗುಂಪಿನಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಜನ ಇದ್ದರು. ಕೆಲವರು ಅದೇ ಅಕೌಂಟಿನಲ್ಲಿ ಮೇಲ್ ಓದುತ್ತಿದ್ದರು, ವೆಬ್ ನೋಡುತ್ತಿದ್ದರು. ಈಗ ಅಡ್ಮಿನ್ ಕೆಲಸ ಮಾಡುವವರಿಗೆ ಎರಡು ಅಕೌಂಟು. ದಿನದ ಕೆಲಸಕ್ಕೆ ಸಾಮಾನ್ಯ ಅಕೌಂಟು. ಸರ್ವರ್ ಕೆಲಸಕ್ಕೆ ಇನ್ನೊಂದು, ಅದಕ್ಕೆ ಮೇಲ್ ಬಾಕ್ಸೇ ಇಲ್ಲ.

ಪ್ರತಿ ಕಂಪ್ಯೂಟರಿನಲ್ಲೂ ಇರುವ ಲೋಕಲ್ ಅಡ್ಮಿನ್ ಅಕೌಂಟಿಗೆ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇತ್ತು. ಇದು ಎಷ್ಟು ಅಪಾಯ ಅಂತ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ವಿಂಡೋಸ್ ಪಾಸ್‌ವರ್ಡನ್ನು ಹ್ಯಾಶ್ ರೂಪದಲ್ಲಿ, ಅಂದರೆ ಹಿಂದಕ್ಕೆ ಬಿಡಿಸಲಾಗದ ಅಕ್ಷರಗಳ ಸಾಲಾಗಿ, ಇಟ್ಟುಕೊಳ್ಳುತ್ತದೆ. ಈ ಹ್ಯಾಶ್‌ಗೆ ಸಾಲ್ಟ್ (ಪ್ರತಿ ಪಾಸ್‌ವರ್ಡಿಗೂ ಬೆರೆಸುವ ಬೇರೆ ಬೇರೆ ಅಕ್ಷರಗಳು) ಇಲ್ಲ, ಹಾಗಾಗಿ ಪಾಸ್‌ವರ್ಡ್ ಒಂದೇ ಆದರೆ ಹ್ಯಾಶ್ ಕೂಡ ಒಂದೇ. ದಾಳಿಕೋರ ಒಂದು ಯಂತ್ರದಿಂದ ಆ ಹ್ಯಾಶ್ ಎತ್ತಿಕೊಂಡರೆ ಪಾಸ್‌ವರ್ಡ್ ಏನು ಅಂತ ತಿಳಿಯುವ ಅಗತ್ಯವೇ ಇಲ್ಲ. ಆ ಹ್ಯಾಶ್ ತೋರಿಸಿಯೇ ಉಳಿದ ಯಂತ್ರಗಳಿಗೆ ನುಗ್ಗಬಹುದು. ಇದಕ್ಕೆ ವಿಂಡೋಸ್ ಲ್ಯಾಪ್ಸ್ ಹಾಕಿದೆವು. 2023ರ ಏಪ್ರಿಲ್ ಅಪ್‌ಡೇಟಿನಿಂದ ಇದು ವಿಂಡೋಸ್ ಒಳಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪ್ರತಿ ಯಂತ್ರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಹಾಕಿ, ಮೂಲ ಸೆಟ್ಟಿಂಗ್‌ನಲ್ಲಿ 30 ದಿನಕ್ಕೊಮ್ಮೆ ಬದಲಾಯಿಸಿ, ಡೈರೆಕ್ಟರಿಯಲ್ಲಿ ಇಡುತ್ತದೆ. ಯಾರು ಓದಬಹುದು ಅನ್ನುವುದನ್ನು ನಾವು ನಿರ್ಧರಿಸಬಹುದು. ಇಡೀ ಯೋಜನೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಕೊಟ್ಟ ಕೆಲಸ ಇನ್ನೊಂದಿಲ್ಲ. ಇವತ್ತೇ ಒಂದು ಕೆಲಸ ಮಾಡಬೇಕು ಅಂದರೆ ಇದನ್ನೇ ಮಾಡಿ.

ಪಾಸ್‌ವರ್ಡ್ ಮತ್ತು ಎರಡನೇ ಹಂತ

90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕು ಅನ್ನುವ ನಿಯಮ ತೆಗೆದುಹಾಕಿದೆವು. ಕೆಲವರಿಗೆ ಇದು ಭದ್ರತೆ ಸಡಿಲ ಮಾಡಿದ ಹಾಗೆ ಕಂಡಿತು. ಆದರೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲೇ, ಸೋರಿಕೆಯ ಸುಳಿವಿಲ್ಲದೆ ಸುಮ್ನೆ ಕಾಲಕಾಲಕ್ಕೆ ಬದಲಾಯಿಸುವಂತೆ ಒತ್ತಾಯಿಸಬಾರದು ಅಂದಿದೆ. ಒತ್ತಾಯ ಮಾಡಿದರೆ ಜನ ಹಳೆಯ ಪಾಸ್‌ವರ್ಡಿನ ಕೊನೆಯ ಅಂಕಿ ಒಂದನ್ನು ಎರಡು ಮಾಡುತ್ತಾರೆ, ಅಷ್ಟೇ ಅಲ್ವಾ. ಅದರ ಬದಲು ಉದ್ದದ ಪಾಸ್‌ವರ್ಡ್ ಕೇಳಿದೆವು. ಈಗಾಗಲೇ ಸೋರಿಹೋದ ಪಾಸ್‌ವರ್ಡುಗಳನ್ನು ಒಪ್ಪದ ಹಾಗೆ ಮಾಡಿದೆವು. ಎಲ್ಲರಿಗೂ ಪಾಸ್‌ವರ್ಡ್ ಮ್ಯಾನೇಜರ್ ಕೊಟ್ಟೆವು.

ಸೋರಿಕೆಯ ಪಟ್ಟಿ ನೋಡಲು ಪಾಸ್‌ವರ್ಡನ್ನೇ ಹೊರಗೆ ಕಳಿಸಬೇಕಾ ಅಂತ ಕೇಳಿದವರಿದ್ದರು. ಬೇಡ. ಟ್ರಾಯ್ ಹಂಟ್ ನಡೆಸುವ ಪೋನ್ಡ್ ಪಾಸ್‌ವರ್ಡ್ಸ್ ಸೇವೆಗೆ ಪಾಸ್‌ವರ್ಡಿನ ಹ್ಯಾಶ್‌ನ ಮೊದಲ ಐದು ಅಕ್ಷರ ಮಾತ್ರ ಹೋಗುತ್ತದೆ. ಆ ಐದರಿಂದ ಶುರುವಾಗುವ ಎಲ್ಲ ಹ್ಯಾಶ್‌ಗಳನ್ನೂ ಅದು ವಾಪಸ್ ಕಳಿಸುತ್ತದೆ. ಹೋಲಿಕೆ ನಮ್ಮ ಕಡೆಯೇ ನಡೆಯುತ್ತದೆ.

ಎರಡನೇ ಹಂತದ ದೃಢೀಕರಣವನ್ನು ಮೊದಲು ವಿಪಿಎನ್‌ಗೆ, ಮೇಲ್‌ಗೆ, ಅಡ್ಮಿನ್ ಅಕೌಂಟುಗಳಿಗೆ ಹಾಕಿದೆವು. ಎಸ್‌ಎಂಎಸ್ ಬೇಡ ಅಂತ ಮೊದಲೇ ಒಪ್ಪಿಕೊಂಡಿದ್ದೆವು. ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಅದಕ್ಕಿಂತ ಮೇಲು. ಆದರೆ ನಕಲಿ ಲಾಗಿನ್ ಪುಟಕ್ಕೆ ಜನ ಆ ಕೋಡನ್ನೂ ಟೈಪ್ ಮಾಡಿ ಕೊಟ್ಟುಬಿಡುತ್ತಾರೆ. "ಒಪ್ಪಿಗೆ" ಒತ್ತುವ ನೋಟಿಫಿಕೇಶನ್‌ಗೂ ತೊಂದರೆ ಇದೆ. 2022ರಲ್ಲಿ ಊಬರ್ ಮೇಲೆ ನಡೆದ ದಾಳಿಯಲ್ಲಿ ನೋಟಿಫಿಕೇಶನ್ ಮೇಲೆ ನೋಟಿಫಿಕೇಶನ್ ಕಳಿಸಿ, ಕೊನೆಗೆ ಒಪ್ಪಿಗೆ ಒತ್ತಿಸಿಕೊಂಡರು. ಯುಎಸ್‌ಬಿಗೆ ಚುಚ್ಚುವ ಫಿಡೊ ಸೆಕ್ಯೂರಿಟಿ ಕೀ ಅಥವಾ ಫೋನ್, ಕಂಪ್ಯೂಟರಿನಲ್ಲೇ ಇರುವ ಪಾಸ್‌ಕೀಗೆ ಈ ಎರಡೂ ತೊಂದರೆ ಇಲ್ಲ. ಕೀ ಯಾವ ವೆಬ್ ವಿಳಾಸಕ್ಕೆ ನೋಂದಣಿ ಆಗಿದೆಯೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಒಂದಕ್ಷರ ಬೇರೆ ಇರುವ ನಕಲಿ ವಿಳಾಸಕ್ಕೆ ಮನುಷ್ಯ ಮೋಸ ಹೋದರೂ ಕೀ ಮೋಸ ಹೋಗುವುದಿಲ್ಲ. ಹಾಗಾಗಿ ಅಡ್ಮಿನ್‌ಗಳಿಗೂ ಹಣ ಪಾವತಿ ಮಾಡುವವರಿಗೂ ಕೀ ಕಡ್ಡಾಯ ಮಾಡಿದೆವು. ತಲಾ ಎರಡು ಕೀ. ಒಂದು ಕಳೆದರೆ ಇನ್ನೊಂದು ಇರಬೇಕು.

ತಮ್ಮ ಸ್ವಂತ ಫೋನಿಗೆ ಕಚೇರಿಯ ಆ್ಯಪ್ ಹಾಕಲು ಕೆಲವರು ಒಪ್ಪಲಿಲ್ಲ. ನನಗೆ ಅದು ನ್ಯಾಯವಾದ ಮಾತು ಅನ್ನಿಸಿತು. ಅವರಿಗೂ ಕೀ ಕೊಟ್ಟೆವು, ವಾದ ಅಲ್ಲಿಗೇ ಮುಗಿಯಿತು.

ಇದರ ಜೊತೆಗೆ ಮಾಡಲೇಬೇಕಾದ ಇನ್ನೊಂದು ಕೆಲಸ ಇದೆ. ಪಾಪ್, ಐಮ್ಯಾಪ್‌ನಂಥ ಹಳೆಯ ವಿಧಾನಗಳಲ್ಲಿ ಬರೀ ಪಾಸ್‌ವರ್ಡ್ ಕೊಟ್ಟು ಮೇಲ್‌ಗೆ ಹೋಗುವ ದಾರಿಯನ್ನು ಮುಚ್ಚಬೇಕು. ಅದು ತೆರೆದೇ ಇದ್ದರೆ ಎರಡನೇ ಹಂತ ಹಾಕಿಯೂ ಪ್ರಯೋಜನ ಇಲ್ಲ.

ಎಸ್‌ಎಂಬಿ ಒಂದನೇ ಆವೃತ್ತಿಯನ್ನು ತೆಗೆದದ್ದು

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎಷ್ಟೋ ಕಡೆ ಈ ಕೆಲಸ "ಏನಾದರೂ ಕೆಟ್ಟು ನಿಂತರೆ?" ಅನ್ನುವ ಭಯಕ್ಕೇ ನಿಂತುಹೋಗಿದೆ.

2017ರ ಮೇ 12ರಂದು ಹರಡಿದ ವಾನಾಕ್ರೈ ಅನ್ನುವ ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ), ವಿಂಡೋಸ್‌ನ ಫೈಲ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ ಒಂದರ ದೋಷ ಹಿಡಿದು ಹರಡಿತು. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್ 14ರಂದೇ ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಕೊಟ್ಟಿತ್ತು. ಹೆಚ್ಚುಕಡಿಮೆ ಎರಡು ತಿಂಗಳು ಸಮಯ ಇತ್ತು. ಅದೇ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ ಒಂದನ್ನು ತಾನಾಗಿ ಹಾಕುವುದನ್ನೇ ನಿಲ್ಲಿಸಿದರು. ಆದರೂ ನಮ್ಮ ಫೈಲ್ ಸರ್ವರ್‌ನಲ್ಲಿ ಅದು ಆನ್ ಆಗಿಯೇ ಇತ್ತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಸುಮ್ಮನೆ ಆಫ್ ಮಾಡುವ ಬದಲು ಮೊದಲು ಆಡಿಟ್ ಹಾಕಿದೆವು. ವಿಂಡೋಸ್ ಸರ್ವರ್‌ನಲ್ಲಿ ಪವರ್‌ಶೆಲ್ ಅನ್ನುವ ಕಮಾಂಡ್ ಸಾಧನದಿಂದ ಎಸ್‌ಎಂಬಿ ಒಂದರ ಆಡಿಟ್ ಆನ್ ಮಾಡಬಹುದು. ಆಮೇಲೆ ಯಾರಾದರೂ ಆ ಹಳೆಯ ವಿಧಾನದಲ್ಲಿ ಬಂದರೆ ಎಸ್‌ಎಂಬಿ ಸರ್ವರ್‌ನ ಆಡಿಟ್ ಲಾಗ್‌ನಲ್ಲಿ 3000 ನಂಬರಿನ ಈವೆಂಟ್ ಬರುತ್ತದೆ, ಬಂದವರ ಐಪಿ ಸಮೇತ. ಇದರಿಂದ ಯಾವುದೂ ನಿಲ್ಲುವುದಿಲ್ಲ, ಬರೀ ದಾಖಲೆ ಆಗುತ್ತದೆ.

ಲಾಗ್‌ನಲ್ಲಿ ಬಹುತೇಕ ಒಂದೇ ಐಪಿ ಮತ್ತೆ ಮತ್ತೆ ಬಂತು. ಬೆಳಗ್ಗೆ ಕೆಲಸ ಶುರುವಾದ ಮೇಲೆ ಜಾಸ್ತಿ, ರಾತ್ರಿ ಇಲ್ಲ. ಪಟ್ಟಿಯಲ್ಲಿ ನೋಡಿದರೆ ಅದು ಲೆಕ್ಕಪತ್ರ ವಿಭಾಗದ ದೊಡ್ಡ ಫೋಟೋಕಾಪಿ ಯಂತ್ರ. ಕಾಗದ ಸ್ಕ್ಯಾನ್ ಮಾಡಿ ನೇರ ಸರ್ವರ್‌ನ ಫೋಲ್ಡರಿಗೆ ಹಾಕುತ್ತದಲ್ಲ, ಆ ಸೌಲಭ್ಯ. ಯಂತ್ರದ ಸಾಫ್ಟ್‌ವೇರ್ ಹಳೆಯದು, ಎಸ್‌ಎಂಬಿ ಒಂದು ಬಿಟ್ಟರೆ ಬೇರೆ ಗೊತ್ತಿಲ್ಲ. ಒಂದೇ ಯಂತ್ರದ ಅನುಕೂಲಕ್ಕೆ ಇಡೀ ಸರ್ವರ್ ಬಾಗಿಲು ತೆರೆದುಕೊಂಡು ಕೂತಿತ್ತು.

ಅದರ ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆವು. ಎರಡನೇ ಆವೃತ್ತಿಯ ಎಸ್‌ಎಂಬಿ ಬಂತು. ಅಪ್‌ಡೇಟ್ ಸಿಗದವರಿಗೆ ಸ್ಕ್ಯಾನನ್ನು ಮೇಲ್‌ಗೆ ಕಳಿಸುವ ದಾರಿ ಇದೆ. ಯಂತ್ರದ ಸೆಟ್ಟಿಂಗ್ ಪುಟಕ್ಕೆ ಹೋದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಫೋಲ್ಡರಿಗೆ ಬರೆಯಲು ಅದರಲ್ಲಿ ಹಾಕಿಟ್ಟಿದ್ದದ್ದು ಒಂದು ಡೊಮೇನ್ ಅಡ್ಮಿನ್ ಅಕೌಂಟು. ಯಂತ್ರದ ಅಡ್ಮಿನ್ ಪಾಸ್‌ವರ್ಡ್ ತಯಾರಕರು ಕೊಟ್ಟದ್ದೇ, ಕೈಪಿಡಿಯಲ್ಲಿ ಎಲ್ಲರೂ ಓದಬಹುದು. ಈಗ ಅಲ್ಲಿ ಇರುವುದು ಆ ಒಂದು ಫೋಲ್ಡರಿಗೆ ಬರೆಯುವುದನ್ನು ಬಿಟ್ಟು ಬೇರೇನೂ ಮಾಡಲಾಗದ ಅಕೌಂಟು.

ಆಮೇಲೆ ಆಡಿಟ್ ಲಾಗ್ ಖಾಲಿಯಾಗಿಯೇ ಉಳಿದದ್ದನ್ನು ನೋಡಿಕೊಂಡು ಎಸ್‌ಎಂಬಿ ಒಂದನ್ನು ಎಲ್ಲ ಕಡೆ ತೆಗೆದೆವು. ಒಬ್ಬರಿಂದಲೂ ದೂರು ಬರಲಿಲ್ಲ. ಮೊದಲು ಆಡಿಟ್, ಆಮೇಲೆ ಬಂದ್: ಹಳೆಯದನ್ನು ತೆಗೆಯುವಾಗ ಮುಂದೆ ಎಲ್ಲ ಕಡೆಯೂ ಇದೇ ಕ್ರಮ ಹಿಡಿದೆವು. ಪ್ರಿಂಟ್ ಕೆಲಸವೇ ಇಲ್ಲದ ಸರ್ವರ್‌ಗಳಲ್ಲಿ ಪ್ರಿಂಟ್ ಸ್ಪೂಲರ್ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ಇಡುವ ಸೇವೆ) ನಿಲ್ಲಿಸಿದ್ದೂ ಹೀಗೇ. 2021ರ ಪ್ರಿಂಟ್‌ನೈಟ್‌ಮೇರ್ ದೋಷ ಇದ್ದದ್ದು ಅದರಲ್ಲೇ.

ನಮ್ಮ ಹೆಸರಿನಲ್ಲಿ ಯಾರ್‍ಯಾರು ಮೇಲ್ ಕಳಿಸುತ್ತಾರೆ?

ಇಮೇಲ್‌ನ "ಇಂದ" ಜಾಗದಲ್ಲಿ ಯಾರು ಬೇಕಾದರೂ ಯಾರ ಹೆಸರು ಬೇಕಾದರೂ ಬರೆಯಬಹುದು. ಅದನ್ನು ತಡೆಯಲು ಇಂಟರ್ನೆಟ್ ಹೆಸರುಗಳ ವಿಳಾಸ ಪುಸ್ತಕವಾದ ಡಿಎನ್‌ಎಸ್‌ನಲ್ಲಿ ಮೂರು ದಾಖಲೆ ಬೇಕು. ನಮ್ಮ ಡೊಮೇನಿಂದ (ಇಲ್ಲಿ ಇಮೇಲ್ ವಿಳಾಸದಲ್ಲಿ @ ಆದ ಮೇಲಿನ ಹೆಸರು) ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಹಕ್ಕಿದೆ ಅಂತ ಎಸ್‌ಪಿಎಫ್ ಹೇಳುತ್ತದೆ. ಡಿಕಿಮ್ ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ ಹಾಕುತ್ತದೆ. ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅನ್ನುವುದನ್ನು ಡಿಮಾರ್ಕ್ ಹೇಳುತ್ತದೆ.

ಡಿಮಾರ್ಕ್ ಅನ್ನು ಮೊದಲು "ಏನೂ ಮಾಡಬೇಡಿ, ವರದಿ ಮಾತ್ರ ಕಳಿಸಿ" ಅನ್ನುವ ಹಂತದಲ್ಲಿ ಇಟ್ಟೆವು. ವರದಿಗಳು ಎಕ್ಸ್‌ಎಂಎಲ್ ಫೈಲಿನಲ್ಲಿ ಬರುತ್ತವೆ, ಓದಲು ಒಂದು ಚಿಕ್ಕ ಪ್ರೋಗ್ರಾಂ ಬೇಕು. ಅದರಲ್ಲಿ ನಮ್ಮ ಹೆಸರಿನಲ್ಲಿ ಮೇಲ್ ಕಳಿಸುತ್ತಿದ್ದ ಅಪರಿಚಿತ ಸರ್ವರ್‌ಗಳ ಪಟ್ಟಿಯೇ ಸಿಕ್ಕಿತು. ಕೆಲವು ಮೋಸಗಾರರದ್ದು. ಕೆಲವು ನಮ್ಮವೇ. ಸಂಬಳದ ಚೀಟಿ ಕಳಿಸುವ ಹೊರಗಿನ ಸೇವೆ, ಉದ್ಯೋಗ ಅರ್ಜಿ ತೆಗೆದುಕೊಳ್ಳುವ ಸೇವೆ, ಯಾವುದೋ ವಿಭಾಗ ತಾನೇ ಶುರು ಮಾಡಿದ್ದ ಸುದ್ದಿಪತ್ರ. ನೇರವಾಗಿ "ತಿರಸ್ಕರಿಸಿ" ಅಂತ ಹಾಕಿದ್ದರೆ ಸಂಬಳದ ಚೀಟಿ ಯಾರಿಗೂ ತಲುಪುತ್ತಿರಲಿಲ್ಲ.

ಎಸ್‌ಪಿಎಫ್‌ನಲ್ಲಿ ಒಂದು ಮಿತಿ ಇದೆ. ಅದನ್ನು ಪರಿಶೀಲಿಸುವಾಗ ಡಿಎನ್‌ಎಸ್ ವಿಚಾರಣೆ 10ಕ್ಕಿಂತ ಜಾಸ್ತಿ ಆದರೆ ಇಡೀ ದಾಖಲೆ ದೋಷ ಅಂತ ಲೆಕ್ಕ. ಪ್ರತಿ ಹೊಸ ಸೇವೆಗೂ ಒಂದೊಂದು ಸೇರಿಸುತ್ತ ಹೋದರೆ ಇದು ಬೇಗ ಮೀರುತ್ತದೆ. ಬಿಟ್ಟುಹೋದ ಸೇವೆಗಳನ್ನು ತೆಗೆದು ಮಿತಿಯೊಳಗೆ ತಂದೆವು. ಫಾರ್ವರ್ಡ್ ಆದ ಮೇಲ್‌ಗಳಲ್ಲಿ ಎಸ್‌ಪಿಎಫ್ ಸೋಲುತ್ತದೆ. ಒಳಗಿನ ವಿಷಯ ಬದಲಾಗದಿದ್ದರೆ ಡಿಕಿಮ್ ಸಹಿ ಉಳಿಯುತ್ತದೆ. ಹಾಗಾಗಿ ಪ್ರತಿ ಸೇವೆಗೂ ಡಿಕಿಮ್ ಹಾಕಿಸಲು ಪಟ್ಟು ಹಿಡಿದೆವು. ಎಲ್ಲ ಸರಿಯಾದ ಮೇಲೆ ಮೊದಲು ಸ್ಪ್ಯಾಮ್‌ಗೆ ಹಾಕುವ ಹಂತ, ಆಮೇಲೆ ತಿರಸ್ಕರಿಸುವ ಹಂತ. ನಾವು ಕೊಂಡು ಇಟ್ಟಿರುವ, ಆದರೆ ಮೇಲ್ ಕಳಿಸದ ಡೊಮೇನ್‌ಗಳಿಗೂ "ಇಲ್ಲಿಂದ ಯಾರಿಗೂ ಕಳಿಸುವ ಹಕ್ಕಿಲ್ಲ" ಅನ್ನುವ ದಾಖಲೆ ಹಾಕಿದೆವು. ಇದನ್ನು ಬಹಳ ಜನ ಮರೆಯುತ್ತಾರೆ.

ಆದರೆ ಡಿಮಾರ್ಕ್ ನಮ್ಮ ಡೊಮೇನನ್ನು ಕಾಯುತ್ತದೆ, ನಮಗೆ ಸರಕು ಮಾರುವವರ ಮೇಲ್ ಬಾಕ್ಸೇ ಕಳ್ಳರ ಕೈಗೆ ಸಿಕ್ಕರೆ ಅದರಿಂದ ಏನೂ ಆಗದು. ಅದಕ್ಕೆ ಉತ್ತರ ತಂತ್ರಜ್ಞಾನದಲ್ಲಿ ಇಲ್ಲ. ಬ್ಯಾಂಕ್ ಖಾತೆ ಬದಲಾಗಿದೆ ಅಂತ ಯಾರಿಂದ ಮೇಲ್ ಬಂದರೂ, ಆ ಮೇಲ್‌ನಲ್ಲಿರುವ ನಂಬರ್ ಬಿಟ್ಟು, ನಮ್ಮ ಹಳೆಯ ಕಡತದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಇದು ಈಗ ಲಿಖಿತ ನಿಯಮ. ಮುಖ್ಯಸ್ಥರೇ "ಅರ್ಜೆಂಟ್, ಈಗಲೇ ಹಾಕಿ" ಅಂದರೂ ನಿಯಮ ಮೀರುವ ಹಾಗಿಲ್ಲ. ಮುಖ್ಯಸ್ಥರು ಇದಕ್ಕೆ ಸಹಿ ಹಾಕಿ ಎಲ್ಲರಿಗೂ ಕಳಿಸಿದ್ದು ಬಹಳ ದೊಡ್ಡ ಕೆಲಸ ಮಾಡಿತು. ಪಾವತಿ ಮಾಡುವ ಕೆಳಹಂತದ ಉದ್ಯೋಗಿಗೆ "ತಡೀರಿ ಸರ್, ಫೋನ್ ಮಾಡಿ ಕೇಳಿ ಹಾಕ್ತೀನಿ" ಅನ್ನುವ ಧೈರ್ಯ ಬರಬೇಕಾದರೆ ಆ ಸಹಿ ಬೇಕು.

ಪ್ಯಾಚ್, ಫೈರ್‌ವಾಲ್

ಇವೆರಡನ್ನೂ ಚಿಕ್ಕದಾಗಿ ಹೇಳುತ್ತೇನೆ. ಮೈಕ್ರೋಸಾಫ್ಟ್ ಅಪ್‌ಡೇಟ್ ತಿಂಗಳ ಎರಡನೇ ಮಂಗಳವಾರ ಬರುತ್ತದೆ. ಮೊದಲು ನಮ್ಮ ಐಟಿ ವಿಭಾಗದ ಯಂತ್ರಗಳು, ಆಮೇಲೆ ಪ್ರತಿ ವಿಭಾಗದಿಂದ ಒಂದೆರಡು, ಕೊನೆಗೆ ಉಳಿದವು, ಹೀಗೆ ಸುತ್ತು ಮಾಡಿಕೊಂಡೆವು. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷದ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ಎಲ್ಲ ಕಡೆ ಒಮ್ಮೆಲೇ ಹಾಕುವುದರ ಅಪಾಯ ಅದು. ಯಾವ ದೋಷ ಮೊದಲು ಮುಚ್ಚಬೇಕು ಅನ್ನುವುದಕ್ಕೆ ದೋಷದ ತೀವ್ರತೆಯ ಅಂಕ ನೋಡುವುದಕ್ಕಿಂತ, ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸೀಸಾ 2021ರಿಂದ ಇಟ್ಟಿರುವ ಕೆಇವಿ ಪಟ್ಟಿ ಜಾಸ್ತಿ ಉಪಯೋಗಕ್ಕೆ ಬಂತು. ದಾಳಿಕೋರರು ನಿಜವಾಗಿ ಬಳಸುತ್ತಿರುವ ದೋಷಗಳು ಮಾತ್ರ ಅದರಲ್ಲಿರುತ್ತವೆ. ಅದರಲ್ಲಿ ಬಂದದ್ದಕ್ಕೆ ಸುತ್ತು ಗಿತ್ತು ಇಲ್ಲ, ಬೇಗ ಹಾಕುತ್ತೇವೆ.

ಫೈರ್‌ವಾಲ್‌ನ ಪ್ರತಿ ರೂಲ್‌ಗೂ "ಯಾರದು, ಯಾಕೆ, ಯಾವಾಗಿನವರೆಗೆ" ಬರೆಯಲು ಹೋದಾಗ ಉತ್ತರ ಸಿಗದವು ಎಷ್ಟೋ ಇದ್ದವು. ಲಾಗಿಂಗ್ ಹಾಕಿ, ಬಳಕೆ ಇಲ್ಲದ್ದನ್ನು ತೆಗೆದೆವು. ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟಿಗೆ ನೇರ ದಾರಿ ಬಿಟ್ಟಿದ್ದ ಒಂದು ರೂಲ್ ಕೂಡ ಅದರಲ್ಲಿತ್ತು. ಅದನ್ನು ಆವತ್ತೇ ಮುಚ್ಚಿದೆವು, ಆಡಿಟ್‌ಗೂ ಕಾಯಲಿಲ್ಲ.

ಬ್ಯಾಕಪ್ ಇದೆ, ಆದರೆ ವಾಪಸ್ ಬರುತ್ತಾ?

ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು. ಹಸಿರು ಟಿಕ್ ಬರುತ್ತಿತ್ತು. ಅದನ್ನು ವಾಪಸ್ ತಂದು ನೋಡುವ ಕೆಲಸ ಮಾತ್ರ ಯಾರದ್ದೂ ಆಗಿರಲಿಲ್ಲ.

ಒಂದು ಖಾಲಿ ಯಂತ್ರ, ಯಾವ ನೆಟ್‌ವರ್ಕಿಗೂ ಸೇರಿಲ್ಲದ್ದು, ಎದುರಿಗಿಟ್ಟುಕೊಂಡೆವು. ಸರ್ವರ್ ಕೋಣೆ ಇಲ್ಲ, ಡೊಮೇನ್ ಇಲ್ಲ, ಎಲ್ಲ ಹೋಗಿದೆ ಅಂತ ಇಟ್ಟುಕೊಳ್ಳೋಣ. ಲೆಕ್ಕಪತ್ರದ ಡೇಟಾಬೇಸ್ ಎಬ್ಬಿಸಿ ತೋರಿಸಬೇಕು. ಮೊದಲ ಅಡ್ಡಿ ಅಲ್ಲೇ ಬಂತು. ಬ್ಯಾಕಪ್ ಎನ್‌ಕ್ರಿಪ್ಟ್ ಆಗಿದೆ. ಅದರ ಕೀ ಇರುವುದು ಬ್ಯಾಕಪ್ ಸರ್ವರ್‌ನ ಒಳಗೆ. ಬ್ಯಾಕಪ್ ಸರ್ವರ್ ಡೊಮೇನಿಗೆ ಸೇರಿದೆ. ಡೊಮೇನ್ ಅಡ್ಮಿನ್ ಅಕೌಂಟು ದಾಳಿಕೋರರಿಗೆ ಸಿಕ್ಕರೆ ಸರ್ವರ್, ಬ್ಯಾಕಪ್, ಕೀ ಮೂರೂ ಒಟ್ಟಿಗೆ ಹೋಗುತ್ತವೆ. ಇವತ್ತಿನ ರ್‍ಯಾನ್ಸಮ್‌ವೇರ್ ದಾಳಿಕೋರರು ಮೊದಲು ಹುಡುಕುವುದೇ ಬ್ಯಾಕಪ್.

ಈಗ ಬ್ಯಾಕಪ್ ಸರ್ವರ್ ಡೊಮೇನ್‌ನಿಂದ ಹೊರಗಿದೆ, ಅದಕ್ಕೆ ತನ್ನದೇ ಅಕೌಂಟು. ಎನ್‌ಕ್ರಿಪ್ಶನ್ ಕೀ ಕಾಗದದ ಮೇಲೆ ಪ್ರಿಂಟ್ ಆಗಿ, ಮುಚ್ಚಿದ ಲಕೋಟೆಯಲ್ಲಿ, ಎರಡು ಬೇರೆ ಬೇರೆ ಜಾಗದ ಬೀರುಗಳಲ್ಲಿದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಅನ್ನುವ ಹಳೆಯ 3-2-1 ಸೂತ್ರಕ್ಕೆ ಇನ್ನೊಂದು ಸೇರಿಸಿದೆವು: ಒಂದು ಪ್ರತಿ ನಿಗದಿತ ದಿನದವರೆಗೆ ಅಡ್ಮಿನ್ ಕೂಡ ಅಳಿಸಲಾಗದ ಹಾಗೆ ಇರಬೇಕು. ಕ್ಲೌಡ್ ಸಂಗ್ರಹಗಳಲ್ಲಿ ಆಬ್ಜೆಕ್ಟ್ ಲಾಕ್ ಅನ್ನುವ ಸೌಲಭ್ಯ ಇದಕ್ಕೇ ಇದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರ್ ಹೊಡೆದಾಗ ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಯ ಡೊಮೇನ್ ಕಂಟ್ರೋಲರ್‌ಗಳು ಅಳಿಸಿಹೋದವು. ಉಳಿದದ್ದು ಘಾನಾದ ಕಚೇರಿಯಲ್ಲಿದ್ದ ಒಂದೇ ಒಂದು. ಕರೆಂಟ್ ಹೋಗಿ ಅದು ಆಫ್ ಆಗಿತ್ತು, ಅದಕ್ಕೇ ಉಳಿಯಿತು. ನಮ್ಮ ಒಂದು ಪ್ರತಿ ಅದೃಷ್ಟದ ಮೇಲೆ ನಿಲ್ಲದೆ, ಬೇಕಂತಲೇ ನೆಟ್‌ವರ್ಕ್‌ನಿಂದ ದೂರ ಇರಲಿ.

ಎರಡನೇ ಅಡ್ಡಿ ಸಮಯ. ಕ್ಲೌಡ್‌ನಲ್ಲಿರುವ ಪ್ರತಿಯಿಂದ ಎಲ್ಲ ವಾಪಸ್ ತರಲು ಎಷ್ಟು ಹೊತ್ತು ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಸುಲಭ. 4 ಟೆರಾಬೈಟ್ ಡೇಟಾ, ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕ. ಒಂದು ಕ್ಷಣವೂ ನಿಲ್ಲದೆ ಪೂರ್ತಿ ವೇಗದಲ್ಲಿ ಬಂದರೂ ಸುಮಾರು 89 ಗಂಟೆ, ಅಂದರೆ ಮೂರೂವರೆ ದಿನಕ್ಕಿಂತ ಜಾಸ್ತಿ. ಚಿಕ್ಕ ಚಿಕ್ಕ ಫೈಲುಗಳೇ ತುಂಬಿದ್ದರೆ ಇನ್ನೂ ನಿಧಾನ. ಈ ಅಂಕಿಯನ್ನು ಆಡಳಿತದವರ ಮುಂದೆ ಇಟ್ಟಾಗ ಚರ್ಚೆಯೇ ಬದಲಾಯಿತು. ಯಾವುದು ಮೊದಲ ದಿನವೇ ಬೇಕು, ಯಾವುದು ವಾರ ತಡೆದರೂ ನಡೆಯುತ್ತದೆ ಅಂತ ಪ್ರತಿ ವಿಭಾಗವೂ ಬರೆದುಕೊಟ್ಟಿತು. ಮೊದಲ ದಿನ ಬೇಕಾದದ್ದರ ಒಂದು ಪ್ರತಿ ಈಗ ಕಚೇರಿಯಲ್ಲೇ, ಬಿಚ್ಚಿಟ್ಟ ಡಿಸ್ಕ್‌ನಲ್ಲಿದೆ.

ಕೊನೆಗೆ ಡೇಟಾಬೇಸ್ ಎದ್ದಿತು. ಎದ್ದರೆ ಸಾಲದು ಅಂತ ಲೆಕ್ಕಪತ್ರದವರನ್ನೇ ಕರೆದು ಕೂರಿಸಿ, ಹಿಂದಿನ ತಿಂಗಳ ವರದಿ ತೆಗೆಯಲು ಹೇಳಿದೆವು. ಮೊತ್ತ ತಾಳೆಯಾಯಿತು. ಬ್ಯಾಕಪ್ ಸರಿ ಇದೆ ಅನ್ನುವ ತೀರ್ಪು ಕೊಡಬೇಕಾದವರು ಅವರು, ಟಿಕ್ ಮಾರ್ಕ್ ಅಲ್ಲ.

ಕಣ್ಣಿಡುವುದು

ಲಾಗ್ ಎಲ್ಲವನ್ನೂ ಒಂದು ಕಡೆ ತರುವ ಮೊದಲು ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯಕ್ಕೆ ತಂದೆವು. ಇಲ್ಲದಿದ್ದರೆ ಯಾವುದಾದ ಮೇಲೆ ಯಾವುದು ನಡೆಯಿತು ಅಂತಲೇ ಹೇಳಲಾಗದು. ಆಮೇಲೆ ಕೆಲವೇ ಕೆಲವು ಈವೆಂಟ್‌ಗಳಿಗೆ ಎಚ್ಚರಿಕೆ ಇಟ್ಟೆವು. 4720, ಹೊಸ ಅಕೌಂಟು. 4728, ಡೊಮೇನ್ ಅಡ್ಮಿನ್‌ನಂಥ ಗುಂಪಿಗೆ ಯಾರನ್ನೋ ಸೇರಿಸಿದ್ದು. 7045, ಹೊಸ ಸರ್ವಿಸ್. 1102, ಭದ್ರತಾ ಲಾಗನ್ನೇ ಅಳಿಸಿದ್ದು. 4625, ಲಾಗಿನ್ ವಿಫಲ, ಇದು ಗುಂಪಾಗಿ ಬಂದಾಗ ಮಾತ್ರ. ನೂರಾರು ಎಚ್ಚರಿಕೆ ಇಟ್ಟರೆ ಯಾರೂ ಓದುವುದಿಲ್ಲ. ಇಷ್ಟನ್ನು ಪ್ರತಿದಿನ ಬೆಳಗ್ಗೆ ಒಬ್ಬರು ಓದುತ್ತಾರೆ, ಅವರ ಹೆಸರು ಪಟ್ಟಿಯಲ್ಲಿದೆ.

ಜೊತೆಗೆ, ಅಡ್ಮಿನ್ ಹಾಗೆ ಕಾಣುವ ಹೆಸರಿನ, ಯಾರೂ ಬಳಸದ ಒಂದು ಅಕೌಂಟು ಮಾಡಿಟ್ಟೆವು. ಅದಕ್ಕೆ ಯಾವ ಹಕ್ಕೂ ಇಲ್ಲ. ಅದರಲ್ಲಿ ಲಾಗಿನ್ ಆಗಲು ಒಂದೇ ಒಂದು ಪ್ರಯತ್ನ ನಡೆದರೂ ತಕ್ಷಣ ಫೋನಿಗೆ ಕರೆ ಬರುತ್ತದೆ. ಕೆಲಸದ ಮೇಲೆ ಅದನ್ನು ಮುಟ್ಟುವವರು ಯಾರೂ ಇಲ್ಲ, ಹಾಗಾಗಿ ಸುಳ್ಳು ಎಚ್ಚರಿಕೆ ಬಹಳ ಕಡಿಮೆ.

ಇನ್ನೂ ಬಾಕಿ

ದಾಳಿ ಆದರೆ ಏನು ಮಾಡಬೇಕು ಅನ್ನುವ ಪುಟವೊಂದನ್ನು ಕಾಗದದಲ್ಲಿ ಪ್ರಿಂಟ್ ಮಾಡಿ ಪ್ರತಿ ವಿಭಾಗಕ್ಕೆ ಕೊಟ್ಟಿದ್ದೇವೆ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಯಂತ್ರ ಮಾತ್ರ ಆಫ್ ಮಾಡಬೇಡಿ, ಈ ನಂಬರಿಗೆ ಫೋನ್ ಮಾಡಿ. ಆಫ್ ಮಾಡಿದರೆ ಮೆಮೊರಿಯಲ್ಲಿರುವ ಸಾಕ್ಷಿ ಅಳಿಸಿಹೋಗುತ್ತದೆ. ಇದನ್ನು ಅಣಕು ದಾಳಿ ಮಾಡಿ ನೋಡಿದಾಗ ಕಂಡದ್ದು, ಫೋನ್ ನಂಬರುಗಳೇನೋ ಸರಿ ಇವೆ, ಆದರೆ ರಾತ್ರಿ ಹೊತ್ತು ಸರ್ವರ್ ನಿಲ್ಲಿಸುವ ನಿರ್ಧಾರ ಯಾರು ತೆಗೆದುಕೊಳ್ಳಬಹುದು ಅಂತ ಬರೆದಿಲ್ಲ. ಆ ಅಧಿಕಾರವನ್ನು ಈಗ ಕರ್ತವ್ಯದಲ್ಲಿರುವ ಐಟಿ ಸಿಬ್ಬಂದಿಗೇ ಲಿಖಿತವಾಗಿ ಕೊಡಿಸಿದ್ದೇವೆ.

ಸರ್ವಿಸ್ ಅಕೌಂಟುಗಳ (ಮನುಷ್ಯರ ಬದಲು ಪ್ರೋಗ್ರಾಂಗಳು ಬಳಸುವ ಅಕೌಂಟು) ಕೆಲಸ ಅರ್ಧ ಆಗಿದೆ. ವರ್ಷಗಳಿಂದ ಬದಲಾಗದ ಪಾಸ್‌ವರ್ಡಿನ ಅಕೌಂಟುಗಳನ್ನು ಒಂದೊಂದಾಗಿ ಜಿಎಂಎಸ್‌ಎ ಬಗೆಗೆ ಬದಲಾಯಿಸುತ್ತಿದ್ದೇವೆ. ಅದರ ಪಾಸ್‌ವರ್ಡನ್ನು ಡೊಮೇನೇ ಇಟ್ಟುಕೊಂಡು 30 ದಿನಕ್ಕೊಮ್ಮೆ ಬದಲಾಯಿಸುತ್ತದೆ, ಯಾವ ಮನುಷ್ಯನೂ ಅದನ್ನು ತಿಳಿದಿರಬೇಕಾಗಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್ ಮಾತ್ರ ಇದನ್ನು ಒಪ್ಪುತ್ತಿಲ್ಲ. ಅದರ ಹೊಸ ಆವೃತ್ತಿ ಬರುವವರೆಗೆ ಆ ಅಕೌಂಟಿಗೆ ಉದ್ದದ ಪಾಸ್‌ವರ್ಡ್ ಹಾಕಿ, ಆ ಒಂದು ಸರ್ವರ್ ಬಿಟ್ಟು ಬೇರೆಲ್ಲೂ ಲಾಗಿನ್ ಆಗದ ಹಾಗೆ ಕಟ್ಟಿಹಾಕಿದ್ದೇವೆ. ಮುಂದಿನ ಕೆಲಸ ಪ್ರಿಂಟರ್‌ಗಳನ್ನೂ ಕ್ಯಾಮೆರಾಗಳನ್ನೂ ಪ್ರತ್ಯೇಕ ವಿಲ್ಯಾನ್‌ಗೆ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್‌ಗೆ) ಹಾಕುವುದು. ಸ್ವಿಚ್ ಪೋರ್ಟುಗಳ ಪಟ್ಟಿ ತಯಾರಿದೆ, ಮೊದಲ ಮಹಡಿಯಿಂದ ಶುರು ಮಾಡುತ್ತೇವೆ.